ಸಂಚಕಾರ ಹಿಡಿದ ಮೇಲೆ ಏರಿದ ಎಣ್ಣೆ

ಕಮಲಾಪುರದ ಕೆಂಬಾಳೆ ನೆಟ್ಟರೆ ಗೊನೆ ಕೊಯ್ಯಲು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ಬೇರೆ ಜಾತಿಯ ಬಾಳೆ ಹಾಕಿದವರು ವರ್ಷದ ಸುಮಾರಿಗೆ ರೊಕ್ಕ ಎಣಿಸಿರುತ್ತಾರೆ. ನಮ್ಮವರು ಅಲ್ಲಿಯತನಕ ನೀರು, ಗೊಬ್ಬರ, ಆಳಿನ ಕೂಲಿ ಎಲ್ಲವನ್ನೂ ಕೈಯಿಂದಲೇ ಹಾಕುತ್ತ ಹೋಗಬೇಕು. ಹಣ್ಣಿಗೆ ದರ ಚಲೋ ಇದೆ, ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಆದರೆ ಖರ್ಚು ಮಾಡುವ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ಇಷ್ಟು ಅಂತರ ಇದ್ದಾಗ, ಆ ನಡುವೆ ಜಗತ್ತಿನಲ್ಲಿ ಏನು ಬೇಕಾದರೂ ಆಗಬಹುದು. 1973ರಲ್ಲಿ ಆಗಿಯೇ ಬಿಟ್ಟಿತು.

ಆಗ ನಾನು ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಹೈಸ್ಕೂಲಿನಲ್ಲಿದ್ದೆ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಕಾಕಾ ಕಮಲಾಪುರದಲ್ಲಿ ತೋಟ ನೋಡಿಕೊಂಡಿದ್ದ. 72ರ ಬರ ಬಾವಿಯ ತಳ ಕಾಣಿಸಿ ಹೋಗಿತ್ತು. 73ರಲ್ಲಿ ಮಳೆ ಹಿಡಿದಾಗ ಕಾಕಾ ಹುರುಪಿನಿಂದ ಕೆಂಬಾಳೆ ನೆಟ್ಟ. ಬಾವಿಯಿಂದ ನೀರೆಳೆಯುವ ಎತ್ತುಗಳಲ್ಲಿ ಒಂದು ಬರದಲ್ಲೇ ಮಾರಾಟವಾಗಿತ್ತು. ಅದರ ಬದಲಿಗೆ ಭೂ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಡೀಸೆಲ್ ಇಂಜಿನ್ ಬಂದು ಬಾವಿಯ ದಂಡೆಯಲ್ಲಿ ಕೂತಿತು. ದೀಪಾವಳಿಯ ಸುಮಾರಿಗೆ ವ್ಯಾಪಾರಿಯೊಬ್ಬ ಬಂದು ಗಿಡ ನೋಡಿ, ಗೊನೆಗೆ ಇಷ್ಟು ಎಂದು ದರ ಕುದುರಿಸಿ, ಸಂಚಕಾರ ಕೊಟ್ಟು ಹೋದ. ಮುಂದಿನ ವರ್ಷದ ಫಸಲಿಗೆ ಈ ವರ್ಷವೇ ದರ ನಿಂತಿತು. ಆಗ ಅದು ಬುದ್ಧಿವಂತರ ವ್ಯವಹಾರವೇ. ಬರ ಕಂಡು ಬಂದವನಿಗೆ ಮುಂಗಡ ಹಣದಷ್ಟು ಧೈರ್ಯ ಕೊಡುವುದು ಇನ್ನೇನಿದೆ?

ಅದೇ ಅಕ್ಟೋಬರಿನಲ್ಲಿ ಅರಬ್ಬರಿಗೂ ಇಸ್ರೇಲಿಗೂ ಯುದ್ಧ ಹತ್ತಿತ್ತು. ಕೊಲ್ಲಿಯ ದೇಶಗಳು ಕಚ್ಚಾ ತೈಲದ ದರವನ್ನು ಒಂದೇ ಏಟಿಗೆ ಶೇ. 70ರಷ್ಟು ಏರಿಸಿದವು. ಮರುದಿನವೇ ಅರಬ್ ತೈಲ ರಾಷ್ಟ್ರಗಳು ಉತ್ಪಾದನೆ ಕಡಿತ ಘೋಷಿಸಿದವು. ಇಸ್ರೇಲಿನ ಬೆನ್ನಿಗೆ ನಿಂತ ಅಮೆರಿಕಕ್ಕೆ ಎಣ್ಣೆಯೇ ಇಲ್ಲ ಎಂದಾಯಿತು. ಯುದ್ಧ ಮೂರು ವಾರದೊಳಗೆ ನಿಂತಿತು, ದರ ಮಾತ್ರ ನಿಲ್ಲಲಿಲ್ಲ. ಯುದ್ಧಕ್ಕೆ ಮುಂಚೆ ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಎಣ್ಣೆ 1974ರ ಜನವರಿಗೆ 11.65 ಡಾಲರ್ ಮುಟ್ಟಿತ್ತು. ಯುದ್ಧ ಒಂದು ನೆಪ ಅಷ್ಟೇ ಎಂದು ಹೇಳುವವರ ಮಾತಿನಲ್ಲೂ ಹುರುಳಿದೆ. 1971ರಲ್ಲಿ ಅಮೆರಿಕ ಡಾಲರಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿದ ಮೇಲೆ ಡಾಲರಿನ ಬೆಲೆ ಇಳಿಯುತ್ತಿತ್ತು, ಎಣ್ಣೆ ಮಾರಿ ಡಾಲರ್ ಪಡೆಯುತ್ತಿದ್ದವರ ಗಂಟು ಕರಗುತ್ತಿತ್ತು. ಅವರು ಒಂದು ಸಂದರ್ಭಕ್ಕೆ ಕಾಯುತ್ತಿದ್ದರು.

ನಮ್ಮ ಮೇಲೆ ಯಾರ ನಿಷೇಧವೂ ಇರಲಿಲ್ಲ. ಅರಬ್ಬರಿಗೆ ಭಾರತ ಸ್ನೇಹಿತ. ಆದರೆ ಸ್ನೇಹಿತನಿಗೆಂದು ಬೇರೆ ದರ ಇರುವುದಿಲ್ಲ. ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಮೂರರಲ್ಲಿ ಎರಡು ಪಾಲು ಹೊರಗಿನಿಂದಲೇ ಬರುತ್ತಿತ್ತು. 1972-73ರಲ್ಲಿ ಸುಮಾರು 200 ಕೋಟಿ ರೂಪಾಯಿಯಷ್ಟಿದ್ದ ಆಮದಿನ ಲೆಕ್ಕ ಎರಡೇ ವರ್ಷದಲ್ಲಿ 1,100 ಕೋಟಿ ದಾಟಿತು. ಸರ್ಕಾರ ಪೆಟ್ರೋಲಿನ ದರ ಏರಿಸಿತು. ನವೆಂಬರಿನಲ್ಲಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದದ್ದೂ ಅದೇ ತಿಂಗಳು. ಗುಲ್ಬರ್ಗದಲ್ಲಿ ಆ ಸಂಭ್ರಮ ಇತ್ತು. ಎತ್ತಿನ ಗಾಡಿಯ ಸುದ್ದಿ ಕೇಳಿ ಮಾತ್ರ ನಮ್ಮ ಕಡೆಯವರು ನಕ್ಕರು. ಇಲ್ಲಿ ಅದರಲ್ಲೇನು ವಿಶೇಷ?

ಮನೆಗೆ ಏಟು ಬಿದ್ದದ್ದು ಪೆಟ್ರೋಲಿನಿಂದಲ್ಲ. ನಮ್ಮಲ್ಲಿ ಸೈಕಲ್ ಬಿಟ್ಟರೆ ಗಾಡಿ ಇರಲಿಲ್ಲ. ಮೊದಲು ಕೈಕೊಟ್ಟದ್ದು ಚಿಮಣಿ ಎಣ್ಣೆ. ಅವ್ವ ಸ್ಟೋ ಮೇಲೆ ಅಡುಗೆ ಮಾಡುತ್ತಿದ್ದಳು. ಕಂಟ್ರೋಲ್ ಅಂಗಡಿಯ ಮುಂದೆ ಡಬ್ಬಿಗಳ ಸಾಲು ಬೆಳಗಿನ ಜಾವದಿಂದಲೇ ಬೆಳೆಯುತ್ತಿತ್ತು. ಕಾರ್ಡಿನ ಮೇಲೆ ಎಣ್ಣೆ ಸಿಕ್ಕದ ತಿಂಗಳು ಬ್ಲ್ಯಾಕಿನಲ್ಲಿ ಕೊಳ್ಳಬೇಕು, ಇಲ್ಲವಾದರೆ ಒಲೆ ಹಚ್ಚಬೇಕು. ಕೊನೆಗೆ ಕಾಕಾ ಕಮಲಾಪುರದಿಂದ ಬಸ್ಸಿನ ಮೇಲೆ ತೊಗರಿ ಕಟ್ಟಿಗೆಯ ಹೊರೆ ಹಾಕಿ ಕಳಿಸತೊಡಗಿದ. ಬಾಡಿಗೆ ಮನೆಯ ಸುಣ್ಣದ ಗೋಡೆಗೆ ಹೊಗೆ ಹಿಡಿದು ಮಾಲಕರು ಮುನಿಸಿಕೊಂಡರು. ಎಣ್ಣೆಯ ಕೊರತೆ ಆಗ ಕಣ್ಣಿಗೆ ಕಾಣುತ್ತಿತ್ತು, ಸಾಲು ನಿಂತು ಅನುಭವಿಸುವಂತಿತ್ತು. ಈಗಿನದು ಹಾಗಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ತೋಟದಲ್ಲಿ ಏಟು ತಡವಾಗಿ ಬಿತ್ತು, ಆದರೆ ಜೋರಾಗಿ ಬಿತ್ತು. ಇಂಜಿನ್ನಿನ ಡೀಸೆಲ್ ಎಲ್ಲರಿಗೂ ಗೊತ್ತಿರುವ ಬಾಬತ್ತು. ಯೂರಿಯಾದಲ್ಲೂ ಎಣ್ಣೆಯೇ ಇದೆ ಎಂಬುದು ಕಾಕಾನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಾದದ್ದು ಕಾಮರ್ಸ್ ಓದುವಾಗ. ನಮ್ಮ ಅನೇಕ ಗೊಬ್ಬರ ಕಾರ್ಖಾನೆಗಳು ನಡೆಯುತ್ತಿದ್ದದ್ದು ನಾಫ್ತಾದ ಮೇಲೆ, ನಾಫ್ತಾ ಬರುವುದು ಕಚ್ಚಾ ತೈಲದಿಂದ. 1974ರ ಜೂನಿನಲ್ಲಿ ಯೂರಿಯಾ ಟನ್ನಿಗೆ 2,000 ರೂಪಾಯಿ ಆಯಿತು, ಹಿಂದಿನ ದರಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ಬಾಳೆ ಗೊಬ್ಬರ ತಿನ್ನುವ ಬೆಳೆ. ಅದಕ್ಕೂ ಒಂದು ತಿಂಗಳು ಮುಂಚೆ, ಮೇ 8ರಿಂದ 27ರವರೆಗೆ, ರೈಲ್ವೆ ಮುಷ್ಕರ. ಬೆಲೆ ಏರಿಕೆಯಿಂದ ಸಂಬಳ ಸಾಲದೆ ಲಕ್ಷಗಟ್ಟಲೆ ನೌಕರರು ಕೆಲಸ ನಿಲ್ಲಿಸಿದ್ದರು. ಗೂಡ್ಸ್ ಗಾಡಿಗಳು ನಿಂತವು, ಲಾರಿ ಬಾಡಿಗೆ ಮೇಲೇರಿತು. ಮುಷ್ಕರ ಮುಗಿದ ಮೇಲೂ ಬಾಡಿಗೆ ಹಿಂದಿನ ಜಾಗಕ್ಕೆ ಬರಲಿಲ್ಲ. ಹುಮನಾಬಾದ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ದರ.

ಗೊನೆ ಕೊಯ್ಯುವ ಕಾಲಕ್ಕೆ ಖರ್ಚೆಲ್ಲ ಹೊಸ ದರದಲ್ಲಿ ಹೋಗಿತ್ತು, ಹುಟ್ಟುವಳಿ ಮಾತ್ರ ಹಳೆ ದರದಲ್ಲೇ ಬರಬೇಕಿತ್ತು. ಅಪ್ಪ ಕಾಕಾನನ್ನು ಕೂರಿಸಿಕೊಂಡು ಹೇಳಿದ: "ಬರೋ ರೊಕ್ಕದಾಗ ಗೊಬ್ಬರದ ಬಾಕಿನೂ ಮುಟ್ಟಂಗಿಲ್ಲಲ್ಲೋ. ದರ ಏರಿಸ್ರಿ ಅಂತ ಕೇಳು." ಕಾಕಾ ಒಪ್ಪಲಿಲ್ಲ. "ಮಾತು ಕೊಟ್ಟೀನಿ ಅಣ್ಣಾ. ಇವತ್ತ ತಿರುಗಿ ಬಿದ್ರ ಮುಂದಿನ ಸಲ ನಮ್ಮ ತೋಟಕ್ಕ ಯಾರ್ ಬರ್ತಾರ?" ವ್ಯಾಪಾರಿಯೂ ಸುಖದಲ್ಲಿರಲಿಲ್ಲ ಅನ್ನಿ. ಅವನ ಲಾಭ ಲಾರಿ ಬಾಡಿಗೆಯಲ್ಲಿ ಹೋಯಿತು. ನಮ್ಮ ಮನೆಯವರು ವರ್ಷಗಟ್ಟಲೆ ಅವನನ್ನು ಬೈದರು. ನಾನು ಈಗ ಲೆಕ್ಕ ಹಾಕಿದರೆ ಅವನ ಗಂಟಿಗೂ ಹೆಚ್ಚೇನು ಸೇರಿರಲಾರದು.

ಅಪ್ಪನ ಕಥೆ ಇನ್ನೊಂದು. ಬೆಲೆ ಏರಿದಂತೆ ಸರ್ಕಾರಿ ನೌಕರನಿಗೆ ತುಟ್ಟಿಭತ್ಯೆ ಏರುತ್ತದೆ, ಒಂದಷ್ಟು ತಿಂಗಳು ಹಿಂದೆ ಬಿದ್ದು ಏರುತ್ತದೆ. 1974ರ ಜುಲೈಯಲ್ಲಿ ಸರ್ಕಾರ ಅದರಲ್ಲೂ ಕೈಹಾಕಿತು. ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧ ಕೈಗೆ ಬರುವುದಿಲ್ಲ, ಕಡ್ಡಾಯ ಠೇವಣಿಗೆ ಹೋಗುತ್ತದೆ ಎಂದು ಕಾನೂನಾಯಿತು. ಸಂಬಳ ಏರಿದರೆ ಆ ಏರಿಕೆ ಪೂರಾ ಠೇವಣಿಗೆ. ವರ್ಷಕ್ಕೆ 15,000 ರೂಪಾಯಿ ಮೀರಿ ಆದಾಯವಿದ್ದವರಿಗೂ ಬೇರೆ ಕಡ್ಡಾಯ ಠೇವಣಿ. ಕಂಪನಿಗಳು ಹಂಚುವ ಲಾಭಾಂಶಕ್ಕೂ ಮಿತಿ ಬಂತು. ರಿಸರ್ವ್ ಬ್ಯಾಂಕು ತನ್ನ ಬ್ಯಾಂಕ್ ದರವನ್ನು ಶೇ. 9ಕ್ಕೆ ಒಯ್ದಿತು. ಜನರ ಕೈಯಲ್ಲಿ ರೊಕ್ಕ ಕಡಿಮೆಯಾದರೆ ಬೆಲೆ ತಣ್ಣಗಾಗುತ್ತದೆ ಎಂಬುದು ಲೆಕ್ಕಾಚಾರ. ಅಪ್ಪನಿಗೆ ಇದು ಜೀವಮಾನದ ಸಿಟ್ಟು. ಅಂಗಡಿಯವನು ಪೂರ್ತಿ ದರ ಕೇಳುತ್ತಾನೆ, ಸರ್ಕಾರ ಅರ್ಧ ಪರಿಹಾರ ಕೊಡುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನನ್ನ ಅಭಿಪ್ರಾಯ ಅಷ್ಟು ಖಾರ ಇಲ್ಲ. 1974-75ರಲ್ಲಿ ಸಗಟು ಬೆಲೆ ಶೇ. 25ರಷ್ಟು ಏರಿತ್ತು, ಮರುವರ್ಷ ಸೊನ್ನೆಗಿಂತ ಕೆಳಗಿಳಿಯಿತು. 75ರ ಒಳ್ಳೆ ಮಳೆಗೂ ತುರ್ತು ಪರಿಸ್ಥಿತಿಯ ಬಿಗಿಗೂ ಅದರಲ್ಲಿ ಪಾಲಿದೆ, ಆದರೆ ಹಣ ಬಿಗಿಹಿಡಿದದ್ದೂ ಕೆಲಸ ಮಾಡಿತು. ಠೇವಣಿಯ ಹಣ ಆಮೇಲೆ ಬಡ್ಡಿ ಸಮೇತ ಕಂತಿನಲ್ಲಿ ಬಂತು. ಸ್ಟೋ ಎಣ್ಣೆ ಬ್ಲ್ಯಾಕಿನಲ್ಲಿ ಕೊಳ್ಳಬೇಕಿದ್ದ ತಿಂಗಳಲ್ಲಿ ಅದು ಕೈಯಲ್ಲಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹಾಗೆಂದು ಎಲ್ಲ ಕಡೆಯೂ ನಷ್ಟವೇ ಆಗಲಿಲ್ಲ. ಇಂಜಿನ್ನಿನ ಸಾಲ ನೋಡಿ. ಅದರ ಬಡ್ಡಿ ಸಾಲ ಕೊಟ್ಟ ದಿನವೇ ನಿಗದಿ, ವರ್ಷದ ಕಂತೂ ನಿಗದಿ. ಎರಡನೇ ಫಸಲಿನ ಗೊನೆಗಳು ಹೊಸ ದರದಲ್ಲಿ ಹೋದವು, ಬ್ಯಾಂಕಿಗೆ ಕಟ್ಟಬೇಕಾದದ್ದು ಹಳೆಯ ಕಂತೇ. ಮೊದಲ ವರ್ಷ ಬೆಟ್ಟದಂತೆ ಕಂಡ ಸಾಲ ಮೂರನೇ ವರ್ಷಕ್ಕೆ ಹಗುರಾಯಿತು. ಇತ್ತ ಅವ್ವ ಪೋಸ್ಟಾಫೀಸಿನಲ್ಲಿ ಪೈಸೆಗೆ ಪೈಸೆ ಕೂಡಿಸಿಟ್ಟಿದ್ದ ಹಣ ಅಂಕಿಯಲ್ಲಿ ಬೆಳೆಯಿತು, ಅಂಗಡಿಯಲ್ಲಿ ಕರಗಿತು. ಬೆಲೆ ಶೇ. 25 ಏರುವಾಗ ಯಾವ ಬ್ಯಾಂಕಿನ ಬಡ್ಡಿಯೂ ಅದರ ಹತ್ತಿರ ಬರುತ್ತಿರಲಿಲ್ಲ. ಒಂದೇ ಮನೆಯಲ್ಲಿ ಸಾಲ ಮಾಡಿದವನು ಗೆದ್ದ, ಉಳಿಸಿದವಳು ಸೋತಳು. ಕಾಕಾ ಇದನ್ನು ಜೀವನಸೂತ್ರವನ್ನಾಗಿ ಮಾಡಿಕೊಂಡ. ಸಾಲ ಮಾಡಿ ಹೊಲ ಹಿಡಿ, ಬೆಲೆ ಏರಿಕೆ ಸಾಲ ತೀರಿಸುತ್ತದೆ ಎಂದು ನಮಗೆಲ್ಲ ಉಪದೇಶ ಮಾಡುತ್ತಿದ್ದ. ನಮ್ಮ ಕಡೆಯ ಒಂದು ತಲೆಮಾರು ಹಾಗೆಯೇ ನಂಬಿ ನಡೆಯಿತು, ಬಹುಮಟ್ಟಿಗೆ ಅದು ಫಲಿಸಿತು ಕೂಡ.

1979ರಲ್ಲಿ ಇರಾನಿನ ಕ್ರಾಂತಿಯಿಂದ ಮತ್ತೆ ಅದೇ ಸಾಲು, ಅದೇ ಡಬ್ಬಿ. ಅದನ್ನು ವಿವರಿಸುವ ಅಗತ್ಯವಿಲ್ಲ. 1990ರದ್ದು ಬೇರೆ ಥರ. 73ರ ನಂತರ ಎಣ್ಣೆಯ ಹಣದಿಂದ ಕೊಲ್ಲಿಯಲ್ಲಿ ಕಟ್ಟಡ, ರಸ್ತೆ ಏಳತೊಡಗಿದಾಗ ಗುಲ್ಬರ್ಗದಿಂದಲೂ ಹುಡುಗರು ಹೋಗಿದ್ದರು. ನಮ್ಮನ್ನು ಕಟ್ಟಿಗೆಯ ಒಲೆಗೆ ದೂಡಿದ ಅದೇ ಬೆಲೆ ನಮ್ಮ ಓಣಿಯಲ್ಲಿ ಎರಡಂತಸ್ತಿನ ಮನೆಗಳನ್ನೂ ಎಬ್ಬಿಸಿತ್ತು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿತು. ಅಲ್ಲಿದ್ದ ನಮ್ಮ ಪಕ್ಕದ ಮನೆಯ ಹುಡುಗ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಬಂದವರಲ್ಲಿ ಒಬ್ಬ. ಏರ್ ಇಂಡಿಯಾ ಆಗ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅವನು ಬಂದ, ಅವನು ಕಳಿಸುತ್ತಿದ್ದ ಡ್ರಾಫ್ಟು ನಿಂತಿತು, ಅವನ ತಂಗಿಯ ಮದುವೆ ಮುಂದೆ ಹೋಯಿತು. ಅಕ್ಟೋಬರಿನಲ್ಲಿ ಸರ್ಕಾರ ಪೆಟ್ರೋಲಿಯಂ ಪದಾರ್ಥಗಳ ಮೇಲೆ ಶೇ. 25 ಸರ್ಚಾರ್ಜ್ ಹಾಕಿತು. ಮುಂದಿನ ವರ್ಷ ದೇಶದ ಚಿನ್ನ ವಿದೇಶಿ ಬ್ಯಾಂಕುಗಳಿಗೆ ಒತ್ತೆ ಹೋಯಿತು, ಜುಲೈಯಲ್ಲಿ ರೂಪಾಯಿಯ ಬೆಲೆ ಇಳಿಸಲಾಯಿತು, ಬಜೆಟ್ಟಿನಲ್ಲಿ ಗೊಬ್ಬರದ ದರ ಶೇ. 40 ಏರಿಸಿ ಗಲಾಟೆಯಾದ ಮೇಲೆ ಶೇ. 30ಕ್ಕೆ ಇಳಿಸಿದರು. ಕಾಕಾ ಆಗ ಸಂಚಕಾರ ಹಿಡಿಯುವುದನ್ನೇ ಬಿಟ್ಟಿದ್ದ. ಕೊಯ್ಯುವ ವಾರದ ದರಕ್ಕೆ ಮಾತ್ರ ಮಾರುತ್ತಿದ್ದ.

ಈಗ ಎಣ್ಣೆಗೆ ಸಾಲು ನಿಲ್ಲುವವರು ಕಾಣುವುದಿಲ್ಲ. ಪೆಟ್ರೋಲ್ ದರದ ನಿಯಂತ್ರಣವನ್ನು 2010ರಲ್ಲಿ, ಡೀಸೆಲ್ ದರದ ನಿಯಂತ್ರಣವನ್ನು 2014ರಲ್ಲಿ ಸರ್ಕಾರ ಕೈಬಿಟ್ಟಿತು. 2017ರಲ್ಲಿ ದಿನಕ್ಕೊಂದು ದರ ಎಂಬ ಪದ್ಧತಿ ಬಂತು. ಹೊರಗಿನ ಅವಲಂಬನೆ ಅಂದಿಗಿಂತ ಹೆಚ್ಚಿದೆ, ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು ಆಮದು. ಆಪತ್ತಿಗೆಂದು ನೆಲದೊಳಗೆ ಕೂಡಿಟ್ಟ ಸಂಗ್ರಹವೂ ಇದೆ. ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನ ಬಂಡೆಗವಿಗಳು ಸೇರಿ 53.3 ಲಕ್ಷ ಟನ್ ಹಿಡಿಯುತ್ತವೆ, ಅದರಲ್ಲಿ 40 ಲಕ್ಷ ಟನ್ ಜಾಗ ನಮ್ಮ ಕರ್ನಾಟಕದ್ದೇ. ಪೂರ್ತಿ ತುಂಬಿದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಖರ್ಚು. ಕಂಪನಿಗಳ ದಾಸ್ತಾನು ಬೇರೆ. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ ಎಂದು ಓದುಗರಿಗೆ ಹೇಳುವ ನನಗೆ ಆ ಅಂಕಿ ಓದಿದಾಗಲೆಲ್ಲ ಕಸಿವಿಸಿ.

ಕೊರತೆ ಈಗ ಬರುವ ದಾರಿ ಬೇರೆ, ಅದು ಮನೆಸಾಲದ ಪಾಸ್‌ಬುಕ್ಕಿನಲ್ಲಿ ಬರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ತೈಲ ಮಾರ್ಚಿನಲ್ಲಿ 120 ಡಾಲರ್ ದಾಟಿತು. ಬೆಲೆ ಏರಿಕೆಗೆ ಲಗಾಮು ಹಾಕಲು ರಿಸರ್ವ್ ಬ್ಯಾಂಕು ಶೇ. 4ರಷ್ಟಿದ್ದ ರೆಪೊ ದರವನ್ನು ಮೇ ತಿಂಗಳಿಂದ ಏರಿಸುತ್ತ 2023ರ ಫೆಬ್ರುವರಿಗೆ ಶೇ. 6.5 ಮಾಡಿತು. 2019ರ ಅಕ್ಟೋಬರಿನ ನಂತರ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಮನೆಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಗಂಟುಬಿದ್ದಿವೆ. ಕಾಕಾನ ಇಂಜಿನ್ ಸಾಲಕ್ಕೆ ಇದ್ದ ರಕ್ಷಣೆ ಇವಕ್ಕಿಲ್ಲ. ಬೆಲೆ ಏರಿದರೆ ಸಾಲ ಹಗುರಾಗುವ ಬದಲು ಬೆಲೆಯ ಬೆನ್ನಿಗೇ ಅದೂ ಏರುತ್ತದೆ. ಸಾಲ ಮಾಡಿ ಹೊಲ ಹಿಡಿ ಎಂಬ ಸೂತ್ರವನ್ನು ಈಗಿನ ಮಕ್ಕಳಿಗೆ ಹಾಗೆಯೇ ದಾಟಿಸುವ ಹಿರಿಯರು ಈ ಒಂದು ವ್ಯತ್ಯಾಸ ಗಮನಿಸಬೇಕು.

ನನ್ನ ಮಗ ಕಲಬುರಗಿಯಲ್ಲಿ ಮನೆಗೆ 25 ಲಕ್ಷ ಸಾಲ ತೆಗೆದಿದ್ದಾನೆ. "ಇಎಂಐ ಅಷ್ಟೇ ಅದ ಅಪ್ಪಾ, ವರ್ಷ ಒಂದಿಷ್ಟು ಹೆಚ್ಚಾಗ್ಯಾವ" ಎಂದು ಅವನು ನಿರಾಳವಾಗಿ ಹೇಳಿದಾಗ ಕಾಗದ ತರಿಸಿ ಲೆಕ್ಕ ಹಾಕಿದೆ. ಶೇ. 7 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 19,400 ರೂಪಾಯಿ. ಬಡ್ಡಿ ಶೇ. 9.5 ಆದರೆ 25 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 19,800 ಹತ್ತಿರ. ಹಳೆಯ ಕಂತು ಬಡ್ಡಿಗೂ ಸಾಲದು, ಅಸಲು ಕರಗುವ ಮಾತೇ ಇಲ್ಲ. 20 ವರ್ಷದಲ್ಲೇ ತೀರಬೇಕಾದರೆ ಕಂತು 23,300 ಆಗಬೇಕು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಒಂದಿಷ್ಟು ಅಸಲು ಮೊದಲೇ ಕಟ್ಟಬೇಕೋ, ನಿಗದಿ ಬಡ್ಡಿಗೆ ದಾಟಬೇಕೋ ಎಂದು ಸಾಲಗಾರನಿಗೇ ಆರಿಸಿಕೊಳ್ಳಲು ಬಿಡಬೇಕೆಂದು 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತ್ತು. ಕೇಳದಿದ್ದವರಿಗೆ ಅವಧಿ ತಾನಾಗಿ ಹಿಗ್ಗಿರುತ್ತದೆ.

ನಿಗದಿ ಬಡ್ಡಿಗೆ ದಾಟುವುದನ್ನೂ ಅಳೆದು ನೋಡಿದೆವು. ಅದರ ದರ ಇನ್ನೂ ಮೇಲಿತ್ತು, ಬೇಡವೆನಿಸಿತು. ಮಗ ಕಂತು ಏರಿಸಿಕೊಂಡ. ಹೆಚ್ಚಿನ ನಾಲ್ಕು ಸಾವಿರದಷ್ಟಕ್ಕೆ ಹೊಸ ಕಾರಿನ ಯೋಚನೆ ಮುಂದೆ ಹಾಕಿದ. ಸೊಸೆ ಇನ್ನೂ ಒಪ್ಪಿಲ್ಲ. ರೆಪೊ ಇಳಿದಾಗ ಕಂತು ಇಳಿಸದೆ ಅದನ್ನೇ ಕಟ್ಟುತ್ತ ಹೋಗು ಎಂದು ನಾನು ಹೇಳಿದ್ದೇನೆ. ಆ ವಾದ ನಮ್ಮ ಮನೆಯಲ್ಲಿ ಇನ್ನೂ ನಡೆದಿದೆ.