ನಾಲಾಕ್ಸೋನ್: ಉಸಿರನ್ನು ಮರಳಿಸುವ ಔಷಧಿಯೂ ಕಾನೂನಿನ ಬಾಗಿಲೂ

ಸೂರತ್ ನಗರದಲ್ಲಿ ತಾಪಿ ನದಿಯ ಆಚೆ ದಂಡೆಯ ಮೇಲಿರುವ ಅಡಾಜಣ್ ಬಡಾವಣೆಯಿಂದ ಮಜೂರಾ ಗೇಟಿನ ಸರ್ಕಾರಿ ನ್ಯೂ ಸಿವಿಲ್ ಆಸ್ಪತ್ರೆಗೆ ಹೋಗಬೇಕಾದರೆ ಸೇತುವೆಯನ್ನು ದಾಟಲೇಬೇಕು. ಸಂಜೆಯ ಹೊತ್ತಿನ ವಾಹನ ಸಂದಣಿಯನ್ನು ಬಲ್ಲವರಿಗೆ ಆ ಪ್ರಯಾಣಕ್ಕೆ ಹಿಡಿಯುವ ಕಾಲವನ್ನು ವಿವರಿಸಬೇಕಾಗಿಲ್ಲ. ಉಸಿರು ನಿಂತ ಮನುಷ್ಯನ ಮಿದುಳಿಗಾದರೋ ದೊರೆಯುವ ಅವಧಿ ನಾಲ್ಕಾರು ನಿಮಿಷಗಳು ಮಾತ್ರ. ಗುಜರಾತಿನಲ್ಲಿ 2007ರಿಂದ 108 ಸಂಖ್ಯೆಯ ಆಂಬುಲೆನ್ಸ್ ಸೇವೆ ನಡೆದುಬಂದಿದ್ದರೂ ಈ ಎರಡು ಕಾಲಾವಧಿಗಳ ನಡುವಣ ಅಂತರವು ಪೂರ್ತಿಯಾಗಿ ಮುಚ್ಚಿಲ್ಲ. ಅಫೀಮು ವರ್ಗದ ಮದ್ದು ಮಿತಿಮೀರಿ ದೇಹವನ್ನು ಸೇರಿದವರಲ್ಲಿ ಅನೇಕರು ಸಾಯುವುದು ಈ ಅಂತರದಲ್ಲಿಯೇ.

ಅಫೀಮೆಂದೊಡನೆ ‘ಇದು ನಮ್ಮ ಮನೆಯ ವಿಷಯವಲ್ಲ’ ಎಂದು ಸದ್‌ಗೃಹಸ್ಥರು ಪುಟ ಮಗುಚುವುದುಂಟು. ಸೌರಾಷ್ಟ್ರ ಮತ್ತು ಕಚ್ಛ್ ಪ್ರಾಂತಗಳಲ್ಲಿ ಅಫೀಮನ್ನು ನೀರಿನಲ್ಲಿ ಕದಡಿ ಅಂಗೈಯಲ್ಲಿ ನೀಡುವ ‘ಕಸೂಂಬೋ’ ಎಂಬ ಅತಿಥಿಸತ್ಕಾರದ ಹಳೆಯ ಪದ್ಧತಿಯನ್ನು ಕೇಳಿ ಆಶ್ಚರ್ಯಪಡುವ ಕನ್ನಡಿಗರು, ತಮ್ಮ ಮನೆಯ ಔಷಧಿಯ ಡಬ್ಬಿಯಲ್ಲಿ ಅದೇ ಕುಲದ ಪದಾರ್ಥಗಳಿರುವುದನ್ನು ಮರೆಯುತ್ತಾರೆ. ಕೆಮ್ಮಿನ ಕೆಲವು ಸಿರಪ್‌ಗಳಲ್ಲಿರುವ ಕೊಡೀನ್, ಬೆನ್ನುನೋವಿಗೆ ಕೊಡುವ ಟ್ರಮಡಾಲ್, ಕ್ಯಾನ್ಸರಿನ ನೋವಿಗೆ ಕೊಡುವ ಮಾರ್ಫೀನ್ ಮಾತ್ರೆ, ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪಟ್ಟಿ, ಇವೆಲ್ಲವೂ ಒಂದೇ ವರ್ಗಕ್ಕೆ ಸೇರಿದವು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ದೇಶದಲ್ಲಿ ಈ ವರ್ಗದ ಪದಾರ್ಥಗಳನ್ನು ಸೇವಿಸುವವರ ಸಂಖ್ಯೆಯನ್ನು ಸುಮಾರು 2.26 ಕೋಟಿಯೆಂದು ಅಂದಾಜು ಮಾಡಿತು. ಅವರೆಲ್ಲರೂ ರೈಲು ನಿಲ್ದಾಣದ ಹಿಂಬದಿಯಲ್ಲಿ ಮಲಗುವವರಲ್ಲ.

ಈ ಮದ್ದುಗಳು ಮಿದುಳಿನ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನು ಶಮನಗೊಳಿಸುತ್ತವೆ. ಪ್ರಮಾಣ ಮೀರಿದಾಗ ಉಸಿರಾಟವನ್ನು ನಡೆಸುವ ಕೇಂದ್ರವೂ ಮಂಕಾಗುತ್ತದೆ. ಕರೆದರೂ ಅಲುಗಾಡಿಸಿದರೂ ಎಚ್ಚರಗೊಳ್ಳದಿರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಉಸಿರು ನಿಧಾನವಾಗಿ ಗೊರಗೊರ ಶಬ್ದದೊಡನೆ ಬರುವುದು, ತುಟಿ ಹಾಗೂ ಉಗುರುಗಳು ನೀಲಿಗಟ್ಟುವುದು ಇದರ ಲಕ್ಷಣಗಳು. ‘ಗಾಢ ನಿದ್ರೆಯಲ್ಲಿದ್ದಾನೆ, ಗೊರಕೆ ಹೊಡೆಯುತ್ತಿದ್ದಾನೆ’ ಎಂದು ಬಾಗಿಲು ಮುಂದೂಡಿ ಹೋಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಇದಕ್ಕೆ ನೇರವಾದ ಪ್ರತ್ಯೌಷಧವು 1961ರಿಂದಲೂ ವಿಜ್ಞಾನಿಗಳಿಗೆ ತಿಳಿದಿದೆ. ಅಮೆರಿಕದಲ್ಲಿ 1971ರಲ್ಲಿ ಬಳಕೆಗೆ ಅನುಮತಿ ಪಡೆದ ಅದರ ಹೆಸರು ನಾಲಾಕ್ಸೋನ್. ಅದು ಮಾರ್ಫೀನನ್ನು ಗ್ರಾಹಕದಿಂದ ತಳ್ಳಿ ತಾನೇ ಆ ಸ್ಥಾನವನ್ನು ಆಕ್ರಮಿಸುತ್ತದೆ. ಆದರೆ ಅಲ್ಲಿ ಕುಳಿತು ಮತ್ತನ್ನಾಗಲಿ ಸುಖವನ್ನಾಗಲಿ ಉಂಟುಮಾಡುವುದಿಲ್ಲ. ಸ್ನಾಯುವಿಗೆ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಉಸಿರು ಮರಳತೊಡಗುತ್ತದೆ. ದೇಹದಲ್ಲಿ ಅಫೀಮು ವರ್ಗದ ಪದಾರ್ಥವೇ ಇಲ್ಲದಿದ್ದರೆ ಇದರಿಂದ ಪ್ರಯೋಜನವೂ ಇಲ್ಲ, ಹೇಳಿಕೊಳ್ಳುವಂಥ ಹಾನಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ಭಾರತದ 2022ರ ರಾಷ್ಟ್ರೀಯ ಪಟ್ಟಿಯಲ್ಲಿಯೂ ಇದು ಇದೆ. ಒಂದು ಮಿತಿಯನ್ನು ಮಾತ್ರ ಮರೆಯಬಾರದು. ಇದರ ಪ್ರಭಾವವು ಸುಮಾರು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಇರುತ್ತದೆ. ಸೇವಿಸಿದ ಮದ್ದು ಅದಕ್ಕಿಂತ ಹೆಚ್ಚು ಕಾಲ ಉಳಿದರೆ ಉಸಿರು ಮತ್ತೆ ಕುಸಿಯಬಹುದು. ಆದುದರಿಂದ ಎದ್ದು ಕುಳಿತವನನ್ನೂ ಆಸ್ಪತ್ರೆಗೆ ಒಯ್ಯಲೇಬೇಕು.

ಔಷಧಿ ಹಳೆಯದು, ಪೇಟೆಂಟಿನ ಬಿಗಿಯೂ ಇಲ್ಲ. ಹಾಗಿದ್ದೂ ಬೇಕಾದ ಘಳಿಗೆಯಲ್ಲಿ ಅದು ಕೈಗೆ ಸಿಗದಿರುವುದಕ್ಕೆ ಕಾರಣವನ್ನು ಕಾನೂನಿನ ಪುಸ್ತಕದಲ್ಲಿಯೂ ಹುಡುಕಬೇಕಾಗುತ್ತದೆ. ನಮ್ಮಲ್ಲಿ ಇದು ವೈದ್ಯರ ಚೀಟಿಯ ಮೇಲೆ ದೊರೆಯುವ ಚುಚ್ಚುಮದ್ದು. 1945ರ ಔಷಧ ನಿಯಮಗಳ 65ನೆಯ ನಿಯಮದಂತೆ, ಯಾರ ಚಿಕಿತ್ಸೆಗಾಗಿ ಔಷಧವನ್ನು ಬರೆಯಲಾಗಿದೆಯೋ ಅವರ ಹೆಸರು ವಿಳಾಸಗಳು ಚೀಟಿಯಲ್ಲಿ ಇರಬೇಕು. ಇತರ ಔಷಧಗಳ ವಿಷಯದಲ್ಲಿ ಇದು ಯುಕ್ತವಾದ ನಿಯಮವೇ. ಆದರೆ ನಾಲಾಕ್ಸೋನಿನ ವಿಷಯದಲ್ಲಿ ರೋಗಿಯು ಪ್ರಜ್ಞೆಯಿಲ್ಲದೆ ಬಿದ್ದಿರುತ್ತಾನೆ. ತನ್ನ ಹೆಸರಿನ ಔಷಧವನ್ನು ತಾನೇ ಚುಚ್ಚಿಕೊಳ್ಳಲಾರ. ಅದನ್ನು ಬಳಸಬೇಕಾದವರು ಪತ್ನಿ, ಸಹೋದ್ಯೋಗಿ ಅಥವಾ ಕಟ್ಟಡದ ಕಾವಲುಗಾರ. ಇವರಾರ ಹೆಸರಿನಲ್ಲಿಯೂ ಚೀಟಿ ಹುಟ್ಟುವುದಿಲ್ಲ.

ಈ ತೊಡಕನ್ನು ರಾಜ್ಯ ಶಾಸನದ ಮೂಲಕ ಬಿಡಿಸಿದ ಮೊದಲ ಪ್ರಾಂತ ಅಮೆರಿಕದ ನ್ಯೂ ಮೆಕ್ಸಿಕೊ. 2001ರಲ್ಲಿ ಅಲ್ಲಿನ ಶಾಸನಸಭೆಯು, ಔಷಧವನ್ನು ಕೊಟ್ಟ ವೈದ್ಯನಿಗೂ ಸದುದ್ದೇಶದಿಂದ ಅದನ್ನು ಪ್ರಯೋಗಿಸಿದ ಸಾಮಾನ್ಯ ನಾಗರಿಕನಿಗೂ ಕಾನೂನಿನ ರಕ್ಷಣೆಯನ್ನು ನೀಡಿತು. 2007ರಲ್ಲಿ ಅದೇ ರಾಜ್ಯವು ಇನ್ನೊಂದು ಹೆಜ್ಜೆ ಮುಂದಿಟ್ಟು, ಸಂಗಾತಿಗಾಗಿ ತುರ್ತು ಸಹಾಯವನ್ನು ಕೋರಿದವನ ಮೇಲೆ ಮಾದಕವಸ್ತು ಹೊಂದಿದ್ದಕ್ಕಾಗಿ ಮೊಕದ್ದಮೆ ಹೂಡಬಾರದೆಂದಿತು. ಪೊಲೀಸರ ಭಯದಿಂದ ಗೆಳೆಯನನ್ನು ಬಿಟ್ಟು ಓಡುವವರನ್ನು ತಡೆಯುವುದು ಇದರ ಉದ್ದೇಶ. ಉಳಿದ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ವ್ಯಕ್ತಿಯ ಹೆಸರಿಲ್ಲದೆಯೇ ಔಷಧಾಲಯಕ್ಕೆ ಅನ್ವಯಿಸುವ ‘ಸ್ಥಾಯೀ ಆದೇಶ’ ಎಂಬ ಉಪಾಯವೂ ಬಳಕೆಗೆ ಬಂತು. ಬ್ರಿಟನ್ನಿನಲ್ಲಿ 2005ರಲ್ಲಿ, ಜೀವವುಳಿಸಲು ಯಾರು ಬೇಕಾದರೂ ಚುಚ್ಚಬಹುದಾದ ಔಷಧಗಳ ಪಟ್ಟಿಗೆ ಇದನ್ನು ಸೇರಿಸಲಾಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಇಂಥ ಪ್ರಸಂಗಕ್ಕೆ ಸಾಕ್ಷಿಯಾಗಬಹುದಾದವರ ಕೈಯಲ್ಲಿ ನಾಲಾಕ್ಸೋನ್ ಇರಬೇಕೆಂದು ಶಿಫಾರಸು ಮಾಡಿತು. 2023ರ ಮಾರ್ಚ್‌ನಲ್ಲಿ ಅಮೆರಿಕ ಇದರ ಮೂಗಿನ ತುಂತುರನ್ನು ಚೀಟಿಯಿಲ್ಲದೆ ಮಾರಲು ಅನುಮತಿಸಿತು.

ನಮ್ಮ ದೇಶದಲ್ಲಿ ಬಾಗಿಲು ಸಂಪೂರ್ಣವಾಗಿ ಮುಚ್ಚಿಲ್ಲ. ಮಣಿಪುರ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ, ಚುಚ್ಚಿಕೊಳ್ಳುವ ವ್ಯಸನಿಗಳ ನಡುವೆ ಏಡ್ಸ್ ತಡೆಯಲು ದುಡಿಯುವ ಸಂಸ್ಥೆಗಳು ಈ ಔಷಧವನ್ನು ತಮ್ಮ ಕಾರ್ಯಕ್ಷೇತ್ರಕ್ಕೆ ಒಯ್ದಿವೆ. 1985ರ ಮಾದಕವಸ್ತು ಕಾಯಿದೆಯ 64ಎ ಕಲಮು, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ಕೆಲವು ಅಪರಾಧಗಳ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಆದರೆ ಪ್ರಜ್ಞೆ ತಪ್ಪಿದವನ ಪಕ್ಕದಲ್ಲಿ ಕುಳಿತು ಫೋನು ಮಾಡುವವನ ಬಗೆಗೆ ಅದು ಮೌನವಾಗಿದೆ. ಸದುದ್ದೇಶದಿಂದ ಪರರ ಹಿತಕ್ಕಾಗಿ ಮಾಡಿದ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮಿನ ಸಾಮಾನ್ಯ ಆಶ್ರಯವುಂಟು. ಆದರೆ ಅರ್ಧರಾತ್ರಿಯಲ್ಲಿ ಆ ಕಲಮನ್ನು ನೆನೆದು ಧೈರ್ಯ ತಂದುಕೊಳ್ಳುವ ಕಾವಲುಗಾರನು ಎಲ್ಲಿದ್ದಾನೆ?

ಈ ಸಂದರ್ಭದಲ್ಲಿ ತವರು ರಾಜ್ಯದ ಉದಾಹರಣೆಯೊಂದು ಗಮನಾರ್ಹವಾಗಿದೆ. ಅಪಘಾತಕ್ಕೀಡಾದವರಿಗೆ ನೆರವಾಗುವ ಪರೋಪಕಾರಿಗಳನ್ನೂ ವೈದ್ಯರನ್ನೂ ರಕ್ಷಿಸಲು ಕರ್ನಾಟಕವು 2016ರಲ್ಲಿ ಪ್ರತ್ಯೇಕ ಶಾಸನವನ್ನೇ ರಚಿಸಿತು. 2018ರಲ್ಲಿ ರಾಷ್ಟ್ರಪತಿಯವರ ಅಂಗೀಕಾರವೂ ದೊರೆಯಿತು. ಸಹಾಯಹಸ್ತ ಚಾಚಿದವನು ಠಾಣೆ ನ್ಯಾಯಾಲಯಗಳಿಗೆ ಅಲೆಯಬೇಕಾಗಿಲ್ಲವೆಂಬ ಆ ತತ್ತ್ವವನ್ನೇ ಅಫೀಮಿನ ವಿಷಬಾಧೆಗೂ ವಿಸ್ತರಿಸಿದರೆ ಅರ್ಧ ಕೆಲಸ ಮುಗಿದಂತೆ. ಸಾರ್ವಜನಿಕ ಆರೋಗ್ಯವು ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಔಷಧಗಳ ವಿಷಯವು ಸಮವರ್ತಿ ಪಟ್ಟಿಯಲ್ಲಿದೆ. ಆದುದರಿಂದ ಗಾಂಧಿನಗರದಲ್ಲಿಯೂ ಬೆಂಗಳೂರಿನಲ್ಲಿಯೂ ಇಂಥ ಶಾಸನವನ್ನು ಯೋಚಿಸಲು ಅವಕಾಶವಿದೆ. ಆಶಾ ಕಾರ್ಯಕರ್ತೆಯರಿಗೂ ಔಷಧಾಲಯಗಳಿಗೂ ತರಬೇತಿಯೊಡನೆ ಸ್ಥಾಯೀ ಆದೇಶವನ್ನು ಕೊಡುವುದು ಉಳಿದರ್ಧ.

ಇದರಿಂದ ವ್ಯಸನಕ್ಕೆ ಪ್ರೋತ್ಸಾಹ ದೊರೆಯುವುದೆಂಬ ಆಕ್ಷೇಪವುಂಟು. ಬ್ಯಾಂಕಿನ ಗೋಡೆಗೆ ಅಗ್ನಿಶಾಮಕ ಡಬ್ಬಿಯನ್ನು ತೂಗುಹಾಕಿದ್ದರಿಂದ ಯಾವ ಗುಮಾಸ್ತನೂ ಕಡತಕ್ಕೆ ಬೆಂಕಿಯಿಟ್ಟಿಲ್ಲ. ಅಲ್ಲದೆ ನಾಲಾಕ್ಸೋನ್ ವ್ಯಸನಿಗೆ ಪ್ರಿಯವಾದುದಲ್ಲ. ಮೈನೋವು, ವಾಂತಿ, ನಡುಕಗಳೊಡನೆ ಅದು ಎಬ್ಬಿಸುತ್ತದೆ. ಮೇಲಾಗಿ, 2014ರ ತಿದ್ದುಪಡಿಯು ಕ್ಯಾನ್ಸರ್ ರೋಗಿಗಳಿಗೆ ಮಾರ್ಫೀನ್ ಸುಲಭವಾಗಿ ಸಿಗಲೆಂದು ನಿಯಮಗಳನ್ನು ಸಡಿಲಗೊಳಿಸಿದೆ. ಅದು ನ್ಯಾಯವಾದುದು. ಮನೆಗೆ ಮಾರ್ಫೀನನ್ನು ಕಳುಹಿಸುವ ಕಾನೂನು ಅದರ ಪ್ರತ್ಯೌಷಧವನ್ನು ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳುವುದು ಅಸಂಗತವೆನಿಸುತ್ತದೆ. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾರ್ಫೀನ್ ಪಡೆಯುತ್ತಿರುವ ರೋಗಿಗೆ ವಿನಾಕಾರಣ ಇದನ್ನು ಚುಚ್ಚಿದರೆ ಅಡಗಿದ್ದ ನೋವೆಲ್ಲವೂ ಒಮ್ಮೆಗೇ ಮರುಕಳಿಸುತ್ತದೆ. ಅಂಥ ಮನೆಯವರು ತಮ್ಮ ವೈದ್ಯರನ್ನು ಮೊದಲೇ ಕೇಳಿ ತಿಳಿದಿರಬೇಕು.

ಶಾಸನವು ಬರುವವರೆಗೆ ನೆರೆಯವರು ಮಾಡಬಹುದಾದದ್ದೂ ಇದೆ. 108ಕ್ಕೆ ಕರೆ ಮಾಡಿ, ಸೇವಿಸಿದ ಮದ್ದು ಯಾವುದೆಂದು ಮುಚ್ಚಿಡದೆ ತಿಳಿಸಬೇಕು. ಉಸಿರು ನಿಂತಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗನ್ನು ಹಿಡಿದು, ಐದಾರು ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರನ್ನು ಊದುತ್ತಿರಬೇಕು. ನಾಡಿಯೂ ಸಿಗದಿದ್ದರೆ ಎದೆಯನ್ನು ಒತ್ತತೊಡಗಬೇಕು. ಉಸಿರಾಡುತ್ತಿದ್ದರೆ ವಾಂತಿ ಗಂಟಲಿಗೆ ಸಿಲುಕದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ತಣ್ಣೀರೆರಚುವುದು, ಕಾಫಿ ಕುಡಿಸುವುದು, ಎತ್ತಿ ನಡೆದಾಡಿಸುವುದು ಕೂಡದು. ಬಳಸಿದ ಫೆಂಟನಿಲ್ ಪಟ್ಟಿಯಲ್ಲಿಯೂ ಮದ್ದು ಉಳಿದಿರುತ್ತದೆ. ಅದನ್ನು ಅಂಟಿನ ಭಾಗ ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆಟುಕದಂತೆ ವಿಲೇವಾರಿ ಮಾಡಬೇಕು. ವ್ಯಸನದಿಂದ ಬಿಡುಗಡೆ ಬಯಸುವವರಿಗಾಗಿ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14446.