ಎಲ್ಲರಿಗೂ ಒಂದೇ ಸೇರು



ಹರಿಹರದ ದೊಡ್ಡ ಗುಡಿಯನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಊರು ಇರುವುದು ತುಂಗಭದ್ರಾ ನದಿಯ ದಂಡೆಯ ಮೇಲೆ. 1224ರ ಸುಮಾರಿಗೆ, ಹೊಯ್ಸಳರ ಕಾಲದಲ್ಲಿ, ಪೋಲಾಳ್ವ ಎಂಬ ದಂಡನಾಯಕ ಈ ಗುಡಿ ಕಟ್ಟಿಸಿದ. ಒಳಗಿರುವ ಮೂರ್ತಿ ಒಂದೇ. ಬಲಗಡೆ ಹರ, ಎಡಗಡೆ ಹರಿ.

ಹಿಂದೆ ಹರ ದೊಡ್ಡವನೋ, ಹರಿ ದೊಡ್ಡವನೋ ಅಂತ ಭಕ್ತರು ಜಗಳ ಆಡಿದ್ದುಂಟು. ಈಗ ಆ ಜಗಳ ಬಹಳ ಜನಕ್ಕೆ ನೆನಪೂ ಇಲ್ಲ. ಅಂದಮೇಲೆ, 'ಅವರು ಬೇರೆ, ನಾವು ಬೇರೆ' ಎಂಬುದು ಮನುಷ್ಯರೇ ಎಳೆದ ಗೆರೆ. ಅದನ್ನು ಅಳಿಸಲೂಬಹುದು.

ಇಂದು ಆ ಗೆರೆ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಧರ್ಮಗಳ ನಡುವೆ ಇದೆ. ನಮ್ಮವನೊಬ್ಬ ಕಳ್ಳತನ ಮಾಡಿದರೆ 'ಅವನು ಕೆಟ್ಟವನು' ಅಂತೀವಿ. ಬೇರೆ ಧರ್ಮದವನು ಮಾಡಿದರೆ 'ಆ ಜನಾನೇ ಹಾಗೆ' ಅಂತೀವಿ. ತಪ್ಪು ಒಂದೇ, ಅಳತೆ ಎರಡು! ಸಂತೆಯಲ್ಲಿ ವ್ಯಾಪಾರಿ ಕೊಳ್ಳುವಾಗ ದೊಡ್ಡ ಸೇರು, ಮಾರುವಾಗ ಸಣ್ಣ ಸೇರು ಹಿಡಿದರೆ ನಾವು ಸುಮ್ಮನಿರ್ತೀವಾ?

ಎರಡು ಅಳತೆಯಿಂದ ಒಬ್ಬರಿಗೆ ಬಾಡಿಗೆ ಮನೆ ಸಿಗೋದಿಲ್ಲ. ಇನ್ನೊಬ್ಬರಿಗೆ ಕೆಲಸ ಸಿಗೋದಿಲ್ಲ. ಗಾಳಿಮಾತು ಸೇರಿದರೆ ಬೆಂಕಿ ಹತ್ತುತ್ತದೆ. 1990ರ ಅಕ್ಟೋಬರ್ ತಿಂಗಳಲ್ಲಿ ದಾವಣಗೆರೆಯಲ್ಲಿ ಕೋಮು ಗಲಭೆ ಆಯಿತು. ಜೀವಗಳು ಹೋದವು. ಊರು ಬಾಗಿಲು ಹಾಕಿದರೆ ದಿನಗೂಲಿ ಇಲ್ಲ, ಹಾಲಿಲ್ಲ, ಔಷಧಿ ಇಲ್ಲ. ಹಸಿವಿಗೆ ಯಾವ ಧರ್ಮ?

ಕೂಡಿ ಬಾಳುವುದು ನಮಗೆ ಹೊಸದಲ್ಲ. ಅದೇ ಹರಿಹರದಲ್ಲಿ ಆರೋಗ್ಯ ಮಾತೆಯ ಚರ್ಚ್ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಬೇರೆ ಧರ್ಮದವರೂ ಬಂದು ಹರಕೆ ತೀರಿಸುತ್ತಾರೆ. ದಾವಣಗೆರೆಯ ಮಂಡಕ್ಕಿ ತಿನ್ನುವಾಗ, ಭತ್ತ ಬೆಳೆದವರು ಯಾರು, ಭಟ್ಟಿಯಲ್ಲಿ ಹುರಿದವರು ಯಾರು ಅಂತ ಕೇಳ್ತೀವಾ?

ಕಾನೂನೂ ಇದನ್ನೇ ಹೇಳುತ್ತದೆ. ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ತಮಗೆ ಇಷ್ಟವಾದ ಧರ್ಮ ಪಾಲಿಸುವ ಹಕ್ಕನ್ನು ಅದರ 25ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ಧರ್ಮ ನೋಡಿ ಸರ್ಕಾರ ಭೇದ ಮಾಡಬಾರದು ಎಂದು 15ನೇ ವಿಧಿ ಹೇಳುತ್ತದೆ.

ಇನ್ನು ಮುಂದೆ ನಲ್ಲಿಯ ಹತ್ತಿರ ಯಾರಾದರೂ 'ಆ ಜನ ಹೀಗೆ' ಅಂದರೆ ನಾವು ಮೂರು ಮಾತು ಕೇಳೋಣ:

1. ಇದನ್ನು ನೀವು ಕಣ್ಣಾರೆ ಕಂಡಿರಾ?
2. ತಪ್ಪು ಮಾಡಿದ್ದು ಒಬ್ಬರೋ, ಎಲ್ಲರೋ?
3. ನಮ್ಮವರು ಮಾಡಿದ್ದರೆ ಹೀಗೇ ಅಂತಿದ್ದಿರಾ?

ಅಕ್ಷರ ಕಲಿತ ನಾವು ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ. ಓದೋಣ, ವಿಚಾರಿಸೋಣ, ಎಲ್ಲರನ್ನೂ ಒಂದೇ ಸೇರಿನಲ್ಲಿ ಅಳೆಯೋಣ.

ಚರ್ಚಿಸಿ: ನಿಮ್ಮ ಓಣಿಯಲ್ಲಿ ಯಾವ ಯಾವ ಧರ್ಮದವರು ಇದ್ದಾರೆ? ಕಷ್ಟ ಬಂದಾಗ ಯಾರು ಯಾರಿಗೆ ನೆರವಾದರು?

ಬರೆಯಿರಿ: ಅಳತೆ, ಗೆರೆ, ಗಾಳಿಮಾತು, ಹಕ್ಕು.