ವಿಂಚ್ ಮೋಟಾರ್ ಬಿಚ್ಚುವ ಮುನ್ನ

ಮಳೆಗಾಲದ ಮಲೆನಾಡಿನಲ್ಲಿ ಜೀಪು ಕೆಸರಿಗೆ ಹೂತಾಗ, ಮುಂದಿನ ವಿಂಚ್ ಟಕ್ಕೆಂದು ಸದ್ದು ಮಾಡಿ ಸುಮ್ಮನಾದರೆ ಮೋಟಾರ್ ಸುಟ್ಟಿತೆಂದು ತೀರ್ಮಾನಿಸಬೇಡಿ. ಮೋಟಾರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡ್ ಎಳೆದುಕೊಂಡಾಗ ಬರುವ ಸದ್ದು ಅದು. ರಿಮೋಟ್ ಸರಿಯಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ರಿಮೋಟಿನ ಪ್ಲಗ್, ತೆಳು ವೈರುಗಳನ್ನು ನೋಡಿ. ಸದ್ದು ಬಂದೂ ಮೋಟಾರ್ ತಿರುಗದಿದ್ದರೆ ಮೊದಲು ಬ್ಯಾಟರಿ, ಕೇಬಲ್ಲುಗಳನ್ನು ಅನುಮಾನಿಸಿ. ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತಿದೆ, ಬ್ಯಾಟರಿಗೇನು ದೋಷ ಎನ್ನುತ್ತೀರಿ. ಎರಡೂ ಹೆಡ್‌ಲೈಟಿಗೆ ಬೇಕಾದದ್ದು ಸುಮಾರು 10 ಆಂಪಿಯರ್. ಪೂರ್ಣ ಭಾರ ಎಳೆಯುವ ದೊಡ್ಡ ವಿಂಚ್ 400ರವರೆಗೂ ಕೇಳುತ್ತದೆ. ಹಸಿರು ಕಿಲುಬು ಹಿಡಿದ ಒಂದು ಟರ್ಮಿನಲ್ಲಿನಲ್ಲಿ 0.01 ಓಮ್ ತಡೆಯಿದ್ದರೂ ಸಾಕು, 400 ಆಂಪಿಯರ್ ಹರಿಯುವಾಗ 4 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ.

ಆದ್ದರಿಂದ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ದಪ್ಪ ಕೇಬಲ್ಲುಗಳ ತುದಿಗಳನ್ನು, ಮರೆಯದೆ ಅರ್ಥಿಂಗ್ ತುದಿಯನ್ನೂ, ಉಜ್ಜಿ ಬಿಗಿಮಾಡಿ. ಮತ್ತೆ ಜೋಡಿಸಿ, ಹಗ್ಗಕ್ಕೆ ಭಾರವಿಲ್ಲದಂತೆ ನೋಡಿಕೊಂಡು, ಸ್ವಿಚ್ ಒತ್ತಿದಾಗ ಮೋಟಾರಿನ ಟರ್ಮಿನಲ್ಲುಗಳಲ್ಲೇ ವೋಲ್ಟೇಜ್ ಅಳೆಯಿರಿ. ಅಲ್ಲಿಗೆ 12 ವೋಲ್ಟ್ ತಲುಪಿಯೂ ಅದು ತಿರುಗದಿದ್ದರೆ, ಆಗ ಮಾತ್ರ ಮೋಟಾರ್ ಬಿಚ್ಚಿ ಕಾರ್ಬನ್ ಬ್ರಷ್ ನೋಡಿ. ಕೈಗವಸು ಹಾಕಿಕೊಳ್ಳಿ, ಬಿಗಿದ ಹಗ್ಗದ ಸಾಲಿನಲ್ಲಿ ಯಾರನ್ನೂ ನಿಲ್ಲಿಸಬೇಡಿ.